ಹಿಡಿ ಅಕ್ಕಿ, ಇನ್ನೂರ ಅರವತ್ತು ಊಟ

ಶೋಶಾಮ್ಮನ ಅಡುಗೆಮನೆಯಲ್ಲಿ ಉಪ್ಪಿನ ಭರಣಿಗೆ ಕೈ ಹಾಕುವ ಹಕ್ಕು ಶೋಶಾಮ್ಮನಿಗೆ ಮಾತ್ರ ಇತ್ತು. ಸೊಸೆ ಬಿನ್ಸಿ ಆ ಮನೆಗೆ ಬಂದು ಹದಿನಾಲ್ಕು ವರ್ಷವಾಗಿತ್ತು. ತರಕಾರಿ ಹೆಚ್ಚುವುದು, ತೆಂಗಿನಕಾಯಿ ತುರಿಯುವುದು, ಪಾತ್ರೆ ತೊಳೆಯುವುದು ಅವಳ ಪಾಲು. ಒಗ್ಗರಣೆ ಹಾಕುವುದು, ರುಚಿ ನೋಡುವುದು, ನೋಡಿ ಮುಖ ಸಿಂಡರಿಸುವುದು ಅತ್ತೆಯ ಪಾಲು. ಹಾಗಿರುವಾಗ ಲಾಕ್‌ಡೌನ್ ಆದ ಮೂರನೇ ದಿನ, ಕೂವಕ್ಕಾಡ್ ಪಂಚಾಯ್ತಿ ಶುರು ಮಾಡುವ ಸಮುದಾಯ ಅಡುಗೆಮನೆಗೆ ಬಿನ್ಸಿಯನ್ನೇ ಮುಖ್ಯಸ್ಥೆ ಮಾಡಿದ್ದಾರೆ ಎಂಬ ಸುದ್ದಿ ಬಂತು. ಶೋಶಾಮ್ಮನಿಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು.

"ಮನೇಲಿ ಐದು ಜನಕ್ಕೆ ಸರಿಯಾಗಿ ಉಪ್ಪು ಹಾಕೋಕೆ ಬರಲ್ಲ, ಇನ್ನೂರ ಅರವತ್ತು ಜನಕ್ಕೆ ಬೇಯಿಸ್ತಾಳಂತೆ!"

"ಉಪ್ಪು ಹಾಕೋಕೆ ನೀವು ಬಿಟ್ಟಿದ್ದೇ ಯಾವಾಗ ಅಮ್ಮಚ್ಚಿ?" ಎಂದಳು ಬಿನ್ಸಿ. ಕುಟುಂಬಶ್ರೀ ಸಂಘದ ಹದಿನೈದು ಹೆಂಗಸರು ಕೈ ಎತ್ತಿ ಆರಿಸಿದ ಧೈರ್ಯ ಅವಳ ದನಿಯಲ್ಲಿತ್ತು.

ಆ ಇನ್ನೂರ ಅರವತ್ತು ಜನ ಪ್ಲೈವುಡ್ ಕಾರ್ಖಾನೆಯ ಕೆಲಸಗಾರರು. ಬಂಗಾಳದವರು, ಅಸ್ಸಾಮಿನವರು. ಕಾರ್ಖಾನೆಗೆ ಬೀಗ, ರೈಲಿಗೆ ಬೀಗ, ಹೋಟೆಲಿಗೆ ಬೀಗ. ಹಳ್ಳದಾಚೆಯ ಲೈನ್ ಕೋಣೆಗಳಲ್ಲಿ ಹತ್ತು ಹತ್ತು ಜನ ಮಲಗಿಕೊಂಡು ಊರಿಗೆ ಫೋನ್ ಮಾಡುತ್ತಿದ್ದರು. ಅವರಿಗೆ ದಿನಾ ಮಧ್ಯಾಹ್ನ ಊಟದ ಪೊಟ್ಟಣ ಕೊಡಬೇಕೆಂದು ಸರ್ಕಾರದ ಆದೇಶ, ಬೇಯಿಸಲು ಸರ್ಕಾರಿ ಶಾಲೆಯ ಅಡುಗೆಮನೆ, ಕಟ್ಟಲು ಬಾಳೆಎಲೆ.

ಶೋಶಾಮ್ಮನ ಗಂಡ ಪೈಲಿಗೆ ಎಪ್ಪತ್ತೊಂದು ವರ್ಷ. ಊರಿನ ರೇಷನ್ ಅಂಗಡಿ ಅವನದು. ಸರ್ಕಾರ ಎಲ್ಲ ಕಾರ್ಡಿಗೂ ಪುಕ್ಕಟೆ ಅಕ್ಕಿ ಎಂದು ಸಾರಿದ ದಿನವೇ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟು ನಿಂತ.

"ನಿಮ್ಮ ಎದೆಯೊಳಗೆ ಎರಡು ಸ್ಟೆಂಟ್ ಇದೆ, ನೆನಪಿದೆಯಾ?"

"ಎರಡೂ ಕೆಲಸ ಮಾಡ್ತಾ ಇವೆ. ನಾನೂ ಮಾಡ್ತೀನಿ."

"ಅಲ್ಲಿ ಸಾವಿರ ಜನ ಬರ್ತಾರೆ!"

"ಕಾರ್ಡಿನ ಕೊನೇ ನಂಬರ್ ಪ್ರಕಾರ ದಿನಕ್ಕಿಷ್ಟು ಜನ ಅಂತ ಹೇಳಿದ್ದಾರೆ. ಬಾಗಿಲಲ್ಲಿ ಹಗ್ಗ ಕಟ್ಟಿದ್ದೀನಿ, ಸೋಪು ಇಟ್ಟಿದ್ದೀನಿ. ನಾನು ಮನೇಲಿ ಕೂತ್ರೆ ಅಕ್ಕಿ ತಾನಾಗಿ ನಡ್ಕೊಂಡು ಅವರ ಮನೆಗೆ ಹೋಗುತ್ತಾ?"

ಹೀಗೆ ಗಂಡನೂ ಹೋದ, ಸೊಸೆಯೂ ಹೋದಳು. ಮನೆಯಲ್ಲಿ ಉಳಿದವರು ಶೋಶಾಮ್ಮ, ಕಾರ್ಖಾನೆ ಮುಚ್ಚಿ ಕೆಲಸವಿಲ್ಲದ ಮಗ ಎಲ್ದೋ, ಮತ್ತು ಮೊಮ್ಮಗಳು ಲಿಯಾ. ಲಿಯಾ ಏಳನೇ ತರಗತಿ. ಎಲ್ಲದಕ್ಕೂ ಅವಳಲ್ಲಿ ಒಂದು ಎದುರುತ್ತರ ತಯಾರಿರುತ್ತಿತ್ತು. ಶೋಶಾಮ್ಮ ಕಾಯಿದೆ ಮಾಡಿದಳು. ಹೊರಗೆ ಹೋಗಿ ಬಂದವರು ಹಿತ್ತಲಿನಿಂದ ಬರಬೇಕು, ಹೊರಗಿನ ಬಚ್ಚಲಲ್ಲಿ ಸ್ನಾನ ಮಾಡಬೇಕು, ಜಗಲಿಯಲ್ಲಿ ಕೂತು ಉಣ್ಣಬೇಕು. ಗಂಡನೂ ಸೊಸೆಯೂ ಜಗಲಿಯ ಎರಡು ತುದಿಗೆ ಕೂತು ಗಂಜಿ ಕುಡಿಯುವುದನ್ನು ಬಾಗಿಲಲ್ಲಿ ನಿಂತು ನೋಡುವಾಗ ಅವಳಿಗೆ ತನ್ನ ಕಾಯಿದೆಯ ಮೇಲೆ ತನಗೇ ಬೇಜಾರಾಗುತ್ತಿತ್ತು. ಆದರೆ ಸಡಿಲಿಸಲಿಲ್ಲ.

ಎಲ್ದೋಗೆ ಅಡುಗೆ ಕಲಿಸುವ ಕೆಲಸ ಬೇರೆ ಅವಳ ತಲೆಗೆ ಬಿತ್ತು. ಈಸ್ಟರ್‌ಗೆ ಮುಂಚಿನ ಐವತ್ತು ದಿನದ ನೋಂಬು ವ್ರತ. ಮೀನೂ ಇಲ್ಲ, ಮಾಂಸವೂ ಇಲ್ಲ. ಪೇಟೆಯಿಂದ ತರಕಾರಿಯೂ ಇಲ್ಲ. ಹಿತ್ತಲಲ್ಲಿ ಹಲಸಿನಕಾಯಿ ಮಾತ್ರ ಬೇಕಾದಷ್ಟಿತ್ತು. ಎಲ್ದೋ ಕೈಗೆ ಎಣ್ಣೆ ಸವರಿಕೊಳ್ಳದೆ ಕಾಯಿ ಸೀಳಿದ. ಮೇಣ ಬೆರಳಿಗೆ ಅಂಟಿತು, ಬೆರಳು ಫೋನಿಗೆ ಅಂಟಿತು, ಅದೇ ಹೊತ್ತಿಗೆ ಫೋನ್ ಬಡಿದುಕೊಂಡಿತು.

"ಅಪ್ಪಾ, ಈಗ ನಿಮ್ಮ ಕೈಯಿಂದ ಫೋನ್ ಯಾರೂ ಕಿತ್ಕೊಳ್ಳೋಕಾಗಲ್ಲ," ಎಂದು ಲಿಯಾ ಬಿದ್ದು ಬಿದ್ದು ನಕ್ಕಳು.

ಫೋನ್ ಮಾಡಿದವನು ಹಸೀಬುಲ್. ಮುರ್ಶಿದಾಬಾದಿನವನು, ಹನ್ನೊಂದು ವರ್ಷದಿಂದ ಎಲ್ದೋನ ಜೊತೆ ಒಂದೇ ಯಂತ್ರದಲ್ಲಿ ಕೆಲಸ ಮಾಡುತ್ತಿದ್ದವನು. ಲೈನಿನಲ್ಲಿ ಎಲ್ಲರಿಗೂ ಅವನೇ ಹಿರಿಯ.

"ಎಲ್ದೋ ಭಾಯಿ, ಬೇಜಾರ್ ಮಾಡ್ಕೋಬೇಡಿ. ಊಟ ಒಳ್ಳೇದಿದೆ, ಮನಸ್ಸೂ ಒಳ್ಳೇದಿದೆ. ಆದ್ರೆ ಆ ಕೆಂಪು ದಪ್ಪ ಅನ್ನ ನಮ್ಮ ಹುಡುಗರ ಗಂಟಲಲ್ಲಿ ಇಳೀತಾ ಇಲ್ಲ. ಇವತ್ತು ನಲವತ್ತು ಪೊಟ್ಟಣ ವಾಪಸ್ ಹೋಯ್ತು."

ವಿಷಯ ಕೇಳಿ ಶೋಶಾಮ್ಮ ಉರಿದುಬಿದ್ದಳು. "ನಮ್ಮ ಕೆಂಪು ಕುತ್ತರಿ ಅನ್ನ ಇಳಿಯಲ್ವಂತಾ? ಹಸಿದೋರಿಗೆ ಇಷ್ಟು ಸೊಕ್ಕಾ?"

"ನಿನ್ನ ಬಂಗಾಳಕ್ಕೆ ಕಳಿಸಿ ದಿನಾ ಸಾಸಿವೆ ಎಣ್ಣೆ ಪಲ್ಯ ಕೊಟ್ರೆ ತಿಂತೀಯೇನೆ?" ಎಂದ ಪೈಲಿ ಜಗಲಿಯಿಂದ. "ಹೋದ ಸಲ ತಂಗಿ ಮನೇಲಿ ತುಪ್ಪದ ಅನ್ನ ಕೊಟ್ಟಾಗ ಮೂರು ದಿನ ಹೊಟ್ಟೆ ಹಿಡ್ಕೊಂಡು ಕೂತಿದ್ದೆ."

ಶೋಶಾಮ್ಮ ಒಪ್ಪದೆಯೇ ಒಳಗೆ ಹೋದಳು.

ಬಿನ್ಸಿ ಮಾತ್ರ ಮಾರನೇ ದಿನದಿಂದಲೇ ಬದಲಾಯಿಸಿದಳು. ಬಿಳಿ ಅಕ್ಕಿ, ಆಲೂಗಡ್ಡೆ ಪಲ್ಯ, ತೆಳ್ಳಗೆ ಬೇಳೆ. ಪೊಟ್ಟಣ ವಾಪಸ್ ಬರುವುದು ನಿಂತಿತು. ಹತ್ತು ದಿನ ಎಲ್ಲ ಸುಸೂತ್ರ. ಅಷ್ಟರಲ್ಲಿ ಗಡಿಯಾಚೆಯಿಂದ ಬರುತ್ತಿದ್ದ ಅಕ್ಕಿಯ ಲಾರಿ ನಿಂತುಹೋಯಿತು. ಚಾಲಕನಿಗೆ ಜ್ವರ, ಅವನನ್ನು ದಾರಿಯಲ್ಲೇ ಆಸ್ಪತ್ರೆಗೆ ಸೇರಿಸಿದ್ದರು; ಲಾರಿ ಮುಟ್ಟಲು ಯಾರಿಗೂ ಧೈರ್ಯವಿರಲಿಲ್ಲ. ಬೇರೆ ಲಾರಿ ಬಂದು ತಲುಪಲು ಐದು ದಿನ ಬೇಕು ಎಂದರು. ಶಾಲೆಯ ಅಡುಗೆಮನೆಯಲ್ಲಿ ಉಳಿದಿದ್ದು ಎರಡು ದಿನದ ಅಕ್ಕಿ.

ಅವತ್ತು ಸಂಜೆ ಬಿನ್ಸಿ ಗಂಜಿ ಮುಟ್ಟಲಿಲ್ಲ.

"ಪಂಚಾಯ್ತಿ ಪ್ರೆಸಿಡೆಂಟ್ ವಿಲಾಸಿನಿ ಟೀಚರ್ ಖಡಾಖಂಡಿತ ಹೇಳಿದ್ರು. ಒಂದೇ ಒಂದು ಮಧ್ಯಾಹ್ನ ಊಟ ತಪ್ಪಿದ್ರೂ ಅಡುಗೆಮನೆ ಪೇಟೆಯ ಗುತ್ತಿಗೆದಾರನಿಗೆ ಕೊಡ್ತಾರಂತೆ. ಅವನು ಎರಡು ದಿನಕ್ಕೊಂದು ಸಲ ಬ್ರೆಡ್ ಕೊಟ್ಟು ಕೈ ತೊಳ್ಕೋತಾನೆ ಅಷ್ಟೇ. ಲೈನಿನಲ್ಲಿ ಈಗಲೇ ಅರ್ಧ ಜನ ನಡ್ಕೊಂಡೇ ಊರಿಗೆ ಹೋಗ್ತೀವಿ ಅಂತಿದ್ದಾರೆ."

"ಬಂಗಾಳಕ್ಕೆ? ನಡ್ಕೊಂಡು?" ಶೋಶಾಮ್ಮನ ಕೈಯ ಸೌಟು ಹಾಗೇ ನಿಂತಿತು.

ಎಲ್ದೋ ಅಪ್ಪನ ಕಡೆ ತಿರುಗಿದ. "ಅಪ್ಪಚ್ಚಾ, ನಿಮ್ಮ ಅಂಗಡೀಲಿ ಮೂವತ್ತು ಚೀಲ ಇದೆ."

"ಇದೆ."

"ನಾಲ್ಕು ಚೀಲ ಕೊಟ್ರೆ ಲಾರಿ ಬರೋವರೆಗೆ ಆಗುತ್ತೆ. ಬಂದ ಮೇಲೆ ವಾಪಸ್ ತುಂಬ್ತಾರೆ."

"ಆಗಲ್ಲ."

"ಸೊಸೆ ಅನ್ನೋ ಕನಿಕರವಾದ್ರೂ ಬೇಡ್ವಾ?"

ಪೈಲಿ ದನಿ ಏರಿಸುವವನಲ್ಲ, ಅವತ್ತು ಏರಿಸಿದ. "ಅದು ನನ್ನ ಅಕ್ಕಿ ಅಲ್ಲ ಕಣೋ! ಮನೆ ಬಾಗಿಲು ಹಾಕಿ ಕ್ವಾರಂಟೈನಲ್ಲಿ ಕೂತೋರದ್ದು, ನಡೆಯೋಕಾಗದ ಮುದುಕರದ್ದು. ಅವರು ಬಂದಿಲ್ಲ ಅಂತ ಅವರ ಅಕ್ಕಿ ನಾನು ಇನ್ನೊಬ್ಬರಿಗೆ ಕೊಡ್ಲಾ? ನಾಳೆ ಲಾರಿ ಬರಲೇ ಇಲ್ಲ ಅಂದ್ರೆ ನಡೆಯೋಕಾಗದ ಆ ಮುದುಕಿ ಕುಂಜಿಪೆಣ್ಣಿಗೆ ಏನು ಹೇಳ್ಲಿ, ನಿನ್ನ ಪಾಲು ನನ್ನ ಸೊಸೆ ಬೇಯಿಸಿದ್ಲು ಅಂತಾನಾ? ನನ್ನ ಕಾರ್ಡಿನ ಹದಿನೈದು ಕಿಲೋ ಇದೆ. ಅದು ತಗೊಂಡು ಹೋಗು. ಅದು ಮಾತ್ರ ನನ್ನದು."

ಗಂಡ ಹೇಳಿದ್ದು ಸರಿ ಎಂದು ಶೋಶಾಮ್ಮನಿಗೆ ಅನ್ನಿಸಿತು. ಅವನ ಮೇಲೆ ಹೆಮ್ಮೆಯೂ ಆಯಿತು, ಹೇಳಲಿಲ್ಲ ಅಷ್ಟೇ.

ಬಿನ್ಸಿ ಮೆಲ್ಲಗೆ, "ಅಮ್ಮಚ್ಚಿ, ಪಿಡಿಯರಿ ಮಡಕೆ ತುಂಬಿದೆ ಅಲ್ವಾ?" ಎಂದಳು.

ಪಿಡಿಯರಿ ಅಂದರೆ ಹಿಡಿ ಅಕ್ಕಿ. ದಿನಾ ಅನ್ನಕ್ಕೆ ಅಕ್ಕಿ ತೊಳೆಯುವ ಮೊದಲು ಒಂದು ಹಿಡಿ ತೆಗೆದು ಮಡಕೆಗೆ ಹಾಕುವುದು. ತಿಂಗಳಿಗೊಮ್ಮೆ ಇಗರ್ಜಿಯಿಂದ ಬಂದು ಒಯ್ಯುತ್ತಾರೆ. ಇಗರ್ಜಿ ಮುಚ್ಚಿದ ಮೇಲೆ ಯಾರೂ ಬಂದಿರಲಿಲ್ಲ.

"ಅದು ಇಗರ್ಜಿಯದ್ದು!" ಶೋಶಾಮ್ಮ ಮಡಕೆಗೆ ಅಡ್ಡ ನಿಂತವಳ ಹಾಗೆ ಹೇಳಿದಳು. "ಈಗ ತಾನೆ ಅಪ್ಪಚ್ಚ ಏನ್ ಹೇಳಿದ್ರು? ಒಬ್ಬರ ಪಾಲು ಇನ್ನೊಬ್ಬರಿಗೆ ಇಲ್ಲ."

"ಇಗರ್ಜಿ ಅದನ್ನ ಏನ್ ಮಾಡುತ್ತೆ ಅಮ್ಮಚ್ಚಿ?" ಎಂದಳು ಲಿಯಾ.

"ಏನ್ ಮಾಡುತ್ತೆ ಅಂದ್ರೆ? ಇಲ್ಲದವರಿಗೆ ಕೊಡುತ್ತೆ."

"ಮತ್ತೆ?"

"ಮತ್ತೆ ಏನು ಮತ್ತೆ?"

"ಏನಿಲ್ಲ. ಸುಮ್ನೆ ಕೇಳ್ದೆ."

ಶೋಶಾಮ್ಮ ಮೊಮ್ಮಗಳ ತಲೆಗೊಂದು ಮೊಟಕಿದಳು. ಪಾತ್ರೆಗಳನ್ನು ಬೇಕಂತಲೇ ಸದ್ದು ಮಾಡುತ್ತ ಜೋಡಿಸಿದಳು. ಒಲೆ ಒರೆಸಿದಳು, ಒರೆಸಿದ ಒಲೆಯನ್ನೇ ಮತ್ತೊಮ್ಮೆ ಒರೆಸಿದಳು. ಆಮೇಲೆ, "ಅಚ್ಚನಿಗೆ ಫೋನ್ ಹಚ್ಚು," ಎಂದಳು.

ಇಗರ್ಜಿಯ ಪಾದ್ರಿ ಅಚ್ಚನ್ ಎಲ್ಲ ಕೇಳಿಸಿಕೊಂಡು ನಕ್ಕರು. "ಶೋಶಾಮ್ಮ ಚೇಟತ್ತಿ, ಇದನ್ನ ಕೇಳೋಕೆ ಫೋನ್ ಮಾಡಿದ್ರಾ, ಹೇಳೋಕೆ ಮಾಡಿದ್ರಾ?"

"ಹೇಳೋಕೇ ಅಚ್ಚೋ."

"ಹಾಗಾದ್ರೆ ನಾನು ಕೇಳಿಸ್ಕೊಂಡೆ. ನಮ್ಮ ಮನೆ ಅಕ್ಕಿ ತುಂಬೋಕೂ ಒಂದು ಚೀಲ ಕಳಿಸಿ."

ಇಗರ್ಜಿಯ ಹೆಂಗಸರ ಸಮಾಜಕ್ಕೆ ಶೋಶಾಮ್ಮ ಇಪ್ಪತ್ತು ವರ್ಷದಿಂದ ಕಾರ್ಯದರ್ಶಿ. ನೂರಮೂವತ್ತೆಂಟು ಮನೆ. ಯಾರ ಮನೆಯ ಮಡಕೆ ಎಷ್ಟು ದೊಡ್ಡದು, ಯಾರು ಹಿಡಿಯ ಬದಲು ಚಿಟಿಕೆ ಹಾಕುತ್ತಾರೆ, ಎಲ್ಲ ಅವಳಿಗೆ ಬಾಯಿಪಾಠ. ಲಿಯಾ ಫೋನ್ ಹಿಡಿದಳು, ಅಜ್ಜಿ ಅದರೊಳಗೆ ಗದರಿದಳು: "ನಾಳೆ ಹತ್ತು ಗಂಟೆಗೆ ಪಿಡಿಯರಿ ಗೇಟಿನಲ್ಲಿ ಇರ್ಬೇಕು. ಎಲ್ದೋ ಗಾಡಿ ತರ್ತಾನೆ. ಹೊರಗೆ ಬಂದು ಹರಟೆ ಹೊಡೀಬೇಡಿ. ಅಚ್ಚಮ್ಮಾ, ನಿಮಗೇ ಹೇಳ್ತಿರೋದು." ಆ ಗದರಿಕೆ ವಾಟ್ಸಾಪಿನಲ್ಲಿ ಊರೆಲ್ಲ ಸುತ್ತಿತು. ಇಗರ್ಜಿಗೆ ಸಂಬಂಧವೇ ಇಲ್ಲದವರ ಗೇಟಿನಲ್ಲೂ ಚೀಲ ಕಾಣಿಸಿಕೊಂಡವು. ಮಸೀದಿ ಓಣಿಯ ಕದೀಜುಮ್ಮ ಎಲ್ದೋನನ್ನು ತಡೆದು, "ನಮ್ಮನೇಲಿ ಮಡಕೆ ಇಲ್ಲಪ್ಪಾ, ಅಕ್ಕಿ ಇದೆ ಅಲ್ವಾ?" ಎಂದು ಬಿರಿಯಾನಿ ಅಕ್ಕಿಯನ್ನೇ ತಂದಿಟ್ಟರು. ಸಂಜೆ ಹೊತ್ತಿಗೆ ಇನ್ನೂರ ಹತ್ತು ಕಿಲೋ.

ಊರಿಗೆ ಊರೇ ಬೀಗಿತು. ಬೀಗಿದ್ದು ಒಂದೇ ದಿನ.

ಎಲ್ದೋ ಕೆಲಸ ಹಗುರ ಮಾಡಿಕೊಳ್ಳಲು ಬಂದದ್ದನ್ನೆಲ್ಲ ಒಟ್ಟಿಗೆ ಸುರಿದಿದ್ದ. ದಪ್ಪ ಕೆಂಪಕ್ಕಿ, ಸಣ್ಣ ಬಿಳಿ ಅಕ್ಕಿ, ಕುದಿಸಿ ಒಣಗಿಸಿದ ಕುಚ್ಚಲಕ್ಕಿ, ಕುದಿಸದ ಬೆಳ್ತಿಗೆ ಅಕ್ಕಿ, ಹಳೇದು, ಹೊಸದು, ಕದೀಜುಮ್ಮನ ಬಿರಿಯಾನಿ ಅಕ್ಕಿ. ಶಾಲೆಯ ಹಂಡೆಯಲ್ಲಿ ಸಣ್ಣಕ್ಕಿ ಕರಗಿ ಅಂಟಾಯಿತು, ದಪ್ಪಕ್ಕಿ ಹಲ್ಲಿಗೆ ಸಿಕ್ಕಿ ಕಟಕಟ ಎಂದಿತು. ಹೊತ್ತಾಗಿತ್ತು, ಬೇರೆ ದಾರಿ ಇರಲಿಲ್ಲ. ಹಾಗೇ ಕಟ್ಟಿ ಕಳಿಸಿದರು. ನೂರ ತೊಂಬತ್ತು ಪೊಟ್ಟಣ ಬುಟ್ಟಿಯಲ್ಲೇ ವಾಪಸ್ ಬಂದವು. ಕೆಲಸಗಾರರು ಬಾಳೆಹಣ್ಣು, ಬ್ರೆಡ್ ತಿಂದು ಮಲಗಿದರು. ಊಟ ಹಸುಗಳ ಪಾಲಾಯಿತು.

ಬಿನ್ಸಿ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತಳು. ಮುಚ್ಚಿಟ್ಟು ಅಳುವವಳಲ್ಲ, ಗಟ್ಟಿಯಾಗಿಯೇ ಅತ್ತಳು.

"ಟೀಚರ್ ಏನಂದ್ರು?" ಬಾಗಿಲಿನಿಂದಲೇ ಕೇಳಿದಳು ಶೋಶಾಮ್ಮ.

"ನಾಳೆಯೂ ಬುಟ್ಟಿ ವಾಪಸ್ ಬಂದ್ರೆ ಮುಗೀತು ಅಂದ್ರು. ಗುತ್ತಿಗೆದಾರ ಇವತ್ತೇ ಬಂದು ಹಂಡೆ ಎಣಿಸ್ಕೊಂಡು ಹೋದ. ನೀವು ಹೇಳಿದ್ದೇ ನಿಜ ಅಮ್ಮಚ್ಚಿ, ನನಗೆ ಬೇಯಿಸೋಕೆ ಬರಲ್ಲ."

ಹದಿನಾಲ್ಕು ವರ್ಷದಿಂದ ಈ ಮಾತನ್ನು ಶೋಶಾಮ್ಮ ದಿನಕ್ಕೆರಡು ಸಲ ಹೇಳಿದ್ದಳು. ಸೊಸೆಯ ಬಾಯಲ್ಲಿ ಕೇಳಿದಾಗ ಮಾತ್ರ ಅದು ಸುಳ್ಳೆಂದು ಅನ್ನಿಸಿತು.

"ತಾ ಇಲ್ಲಿ ಒಂದು ಪೊಟ್ಟಣ."

ಅವಳು ಕಾಯಿದೆ ಮರೆತು ಹಿತ್ತಲಿಗೆ ಇಳಿದು, ಎಲೆ ಬಿಚ್ಚಿ, ಅನ್ನವನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿದಳು.

"ಇದು ಒಲೆ ತಪ್ಪಲ್ಲ, ಚೀಲದ ತಪ್ಪು. ಎಲ್ದೋ! ಬಾರೋ ಇಲ್ಲಿ, ನಲವತ್ತೆರಡು ವರ್ಷದ ಕೋಣ! ಕುಚ್ಚಲಕ್ಕಿಗೂ ಬೆಳ್ತಿಗೆಗೂ ಒಟ್ಟಿಗೆ ಮದುವೆ ಮಾಡಿಸಿದ್ಯಲ್ಲೋ!"

"ಅಕ್ಕಿ ಅಕ್ಕಿನೇ ಅಲ್ವಾ ಅಮ್ಮಚ್ಚಿ?"

"ಹೌದು, ನೀನೂ ಮನುಷ್ಯನೇ ಅಲ್ವಾ!" ಅವಳು ಸೊಸೆಯ ಕಡೆ ತಿರುಗಿದಳು. "ಏಳು ಮಗಳೇ, ಮೂಗು ಒರೆಸ್ಕೋ. ಈ ಅಕ್ಕೀನ ಇನ್ನು ದೇವರು ಬಂದ್ರೂ ಅನ್ನ ಮಾಡೋಕಾಗಲ್ಲ. ಆದ್ರೆ ಪುಡಿ ಮಾಡಬಹುದು. ಪುಡಿಯಾದ ಮೇಲೆ ಯಾವುದು ದಪ್ಪ ಯಾವುದು ಸಣ್ಣ ಅಂತ ಯಾರಿಗೆ ಗೊತ್ತಾಗುತ್ತೆ? ಹಿಟ್ಟು ತುಂಬಿ ಹಬೇಲಿ ಬೇಯಿಸಿ ಪುಟ್ಟು ಮಾಡು."

"ಪುಟ್ಟು? ಇನ್ನೂರ ಅರವತ್ತು ಜನಕ್ಕೆ? ಅಷ್ಟು ಕೊಳವೆ ಎಲ್ಲಿಂದ ತರ್ಲಿ?"

"ಕೊಳವೆ ಯಾಕೆ? ತೆಂಗಿನ ಚಿಪ್ಪು ಇಲ್ವಾ? ಚಿಪ್ಪಿನ ಕಣ್ಣು ತೂತು ಮಾಡಿ, ಇಗರ್ಜಿ ಹಬ್ಬದ ದೊಡ್ಡ ಹಬೆ ಪಾತ್ರೇಲಿ ಜೋಡಿಸು. ಒಂದು ಸಲಕ್ಕೆ ಎಪ್ಪತ್ತು ಕೂರುತ್ತೆ."

ಬಿನ್ಸಿ ಯೋಚಿಸಿದಳು. ಅತ್ತ ಕಣ್ಣು ಇನ್ನೂ ಕೆಂಪಗಿತ್ತು, ಆದರೆ ತಲೆ ಓಡತೊಡಗಿತ್ತು. "ಕಡಲೆ ಕೂಟು ಬೇಡ. ಅವರಿಗೆ ನಮ್ಮ ಖಾರ ಆಗಲ್ಲ. ಬೆಲ್ಲ, ಕಾಯಿ ಒಳಗೆ ತುಂಬೋಣ. ಪಕ್ಕಕ್ಕೆ ಆಲೂಗಡ್ಡೆ."

"ಪುಟ್ಟಿನೊಳಗೆ ಬೆಲ್ಲವಾ?"

"ಅಮ್ಮಚ್ಚಿ, ಕೆಂಪಕ್ಕಿ ಕೊಟ್ಟು ಒಂದು ಸಲ ಕೆಟ್ಟಿದ್ದೀವಿ. ನಮ್ಮ ನಾಲಿಗೆ ಕೇಳೋದು ಬೇಡ. ಮೊದಲು ಒಂದು ಮಾಡಿ ಹಸೀಬುಲ್‌ಗೆ ಕೊಟ್ಟು ನೋಡೋಣ."

ಶೋಶಾಮ್ಮನಿಗೆ ಇದು ಹೊಳೆದಿರಲಿಲ್ಲ. ಒಳಗೆ ಹೋಗಿ ಮನೆಯಲ್ಲಿದ್ದ ಪುಟ್ಟಿನ ಹಿಟ್ಟು ತಂದು ಕಲಸಿದಳು. ಬೆಲ್ಲ ಎಷ್ಟು ಎಂದು ಸೊಸೆಯನ್ನು ಕೇಳಿಯೇ ಹಾಕಿದಳು.

ಎಲ್ದೋ ಅದನ್ನು ಬಿಸಿಬಿಸಿಯಾಗಿ ಲೈನಿನ ಗೇಟಿಗೆ ಒಯ್ದ. ಹಸೀಬುಲ್ ಎಲೆ ಬಿಚ್ಚಿದ. ಚಿಪ್ಪಿನಾಕಾರದ ಬೆಳ್ಳನೆಯ ಪುಟ್ಟಿನಿಂದ ಬೆಲ್ಲ ಕರಗಿ ಇಳಿಯುತ್ತಿತ್ತು. ಅವನು ತಿನ್ನಲಿಲ್ಲ, ನೋಡುತ್ತಲೇ ನಿಂತ.

"ಏನಾಯ್ತು ಭಾಯಿ? ಬೇಡ್ವಾ?"

"ಇದನ್ನ ನಿಮಗೆ ಯಾರು ಹೇಳ್ಕೊಟ್ರು?"

"ಯಾಕೆ, ನಮ್ಮಮ್ಮ ಮಾಡಿದ್ದು."

"ನಮ್ಮಮ್ಮನೂ ಇದನ್ನೇ ಮಾಡೋದು! ಭಾಪಾ ಪಿಠಾ. ಚಳಿಗಾಲದಲ್ಲಿ, ಹೊಸ ಬೆಲ್ಲ ಬಂದಾಗ." ಅವನು ಬಾಯಿಗಿಟ್ಟ. ಕಣ್ಣು ತುಂಬಿ ಬಂತು. ಹಿಂದಕ್ಕೆ ತಿರುಗಿ ಬಂಗಾಳಿಯಲ್ಲಿ ಏನೋ ಕೂಗಿದ. ಕೋಣೆಗಳಿಂದ ತಲೆಗಳು ಹೊರಬಂದವು. "ಎಲ್ದೋ ಭಾಯಿ, ನಿಮ್ಮಮ್ಮನಿಗೆ ಹೇಳಿ. ನಾಳೆ ಇನ್ನೂರ ಅರವತ್ತು ಜನ ಕಾಯ್ತಾ ಇರ್ತಾರೆ ಅಂತ ಹೇಳಿ. ನಾಳೆ ಯಾರೂ ಎಲ್ಲಿಗೂ ನಡೆಯಲ್ಲ."

ಅಕ್ಕಿ ನೆನೆಹಾಕಿದರು. ಬೆಳಿಗ್ಗೆ ಐದಕ್ಕೆ ಗಿರಣಿ ಮತ್ತಾಯಿ ಯಂತ್ರ ಹಚ್ಚಿದ. ಎಂಟಕ್ಕೆ ಶಾಲೆಯ ಅಂಗಳದಲ್ಲಿ ನಾಲ್ಕು ಒಲೆ ಉರಿಯುತ್ತಿದ್ದವು, ಹಿಟ್ಟು ಹುರಿಯುವ ಪರಿಮಳ ಬಸ್ ನಿಲ್ದಾಣದವರೆಗೆ ಹರಡಿತ್ತು. ಒಂಬತ್ತಕ್ಕೆ ಶೋಶಾಮ್ಮ ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಕೈಯಲ್ಲಿ ತನ್ನ ತುರಿಯುವ ಮಣೆ ಹಿಡಿದು ಶಾಲೆಯ ಗೇಟಿನಲ್ಲಿ ನಿಂತಿದ್ದಳು. ಮೂರು ವಾರದ ಮೇಲೆ ಅವಳು ಮನೆಯಿಂದ ಹೊರಬಿದ್ದದ್ದು ಅದೇ ಮೊದಲು.

"ಅಮ್ಮಚ್ಚಿ! ನೀವ್ಯಾಕೆ ಬಂದ್ರಿ?" ಬಿನ್ಸಿ ಓಡಿಬಂದಳು.

"ತಲೆಗೆರಡರಂತೆ ಐನೂರ ಇಪ್ಪತ್ತು ಪುಟ್ಟಿಗೆ ಕಾಯಿ ಯಾರು ತುರೀತಾರೆ? ಎಲ್ಲಿ ಕೂರ್ಲಿ ಹೇಳು."

"ಆ ಮರದ ಕೆಳಗೆ. ಒಬ್ಬರೇ. ಯಾರ ಹತ್ರಾನೂ ಹೋಗ್ಬೇಡಿ."

ಶೋಶಾಮ್ಮ ಮರದ ಕೆಳಗೆ ಒಬ್ಬಳೇ ಕೂತು ತೆಂಗಿನಕಾಯಿ ತುರಿದಳು. ತುರಿಯುತ್ತ ಸೊಸೆಯನ್ನು ನೋಡಿದಳು. ಹದಿನೈದು ಹೆಂಗಸರ ನಡುವೆ ಬಿನ್ಸಿ ಕೂಗಾಡದೆ ಓಡಾಡುತ್ತಿದ್ದಳು. ಹಿಟ್ಟನ್ನು ಮುಷ್ಟಿಯಲ್ಲಿ ಹಿಡಿದು ತೇವ ನೋಡಿದಳು, ಉಪ್ಪು ತಾನೇ ಹಾಕಿದಳು. ಉಪ್ಪು ಸರಿಯಾಗಿದೆಯೇ ಎಂದು ಕೇಳಲು ಶೋಶಾಮ್ಮನ ನಾಲಿಗೆ ಎಷ್ಟು ತುರಿಸಿತೋ ಅವಳಿಗೇ ಗೊತ್ತು. ಕೇಳಲಿಲ್ಲ.

ಹನ್ನೆರಡೂವರೆಗೆ ಎಲ್ದೋನ ಗಾಡಿ ಹೊರಟಿತು. ಎಲ್ಲ ಹೆಂಗಸರೂ ಗೇಟಿನ ಕಡೆ ಮುಖ ಮಾಡಿ, ದೂರ ದೂರ ನಿಂತರು. ರೇಷನ್ ಅಂಗಡಿಗೆ ಮಧ್ಯಾಹ್ನದ ಬಾಗಿಲು ಹಾಕಿ ಪೈಲಿಯೂ ಬಂದು ರಸ್ತೆಯಾಚೆ ನಿಂತ. ಪ್ರೆಸಿಡೆಂಟ್ ವಿಲಾಸಿನಿ ಟೀಚರ್ ಜೀಪಿನಲ್ಲಿ ಬಂದಿಳಿದರು. ಅವರ ಹಿಂದೆಯೇ ಗುತ್ತಿಗೆದಾರನೂ ಬೈಕಿನಲ್ಲಿ ಬಂದ.

"ಹಂಡೆ ಮತ್ತೆ ಎಣಿಸೋಕೆ ಬಂದ," ಎಂದು ಶೋಶಾಮ್ಮ ಎಲ್ಲರಿಗೂ ಕೇಳುವ ಹಾಗೆ ಗೊಣಗಿದಳು.

ಒಂದೂಕಾಲಿಗೆ ಗಾಡಿ ತಿರುವಿನಲ್ಲಿ ಕಾಣಿಸಿತು. ಎಲ್ದೋ ಹಾರ್ನ್ ಒತ್ತಿ ಹಿಡಿದೇ ಬಂದ. ಅಂಗಳದಲ್ಲಿ ನಿಲ್ಲಿಸಿ ಹಿಂದಿನ ಬಾಗಿಲು ತೆರೆದ. ಒಂದು ಬುಟ್ಟಿ ಎತ್ತಿ ಬೋರಲು ಹಾಕಿ ತೋರಿಸಿದ. ಎರಡನೆಯದು ಬೋರಲು ಹಾಕಿದ. ಹದಿಮೂರು ಬುಟ್ಟಿಗಳನ್ನೂ ಒಂದೊಂದಾಗಿ ಬೋರಲು ಹಾಕಿದ. ಒಂದು ಎಲೆ ಚೂರೂ ಬೀಳಲಿಲ್ಲ.

"ಇನ್ನೂ ಇದೆಯಾ ಅಂತ ಕೇಳ್ತಿದ್ದಾರೆ!" ಎಂದು ಅವನು ಕೂಗಿದಾಗ ಹೆಂಗಸರು ಚಪ್ಪಾಳೆ ತಟ್ಟಿದರು, ಹಂಡೆ ಬಡಿದರು, ಗಿರಣಿ ಮತ್ತಾಯಿ ಶಿಳ್ಳೆ ಹಾಕಿದ. ರಸ್ತೆಯಾಚೆ ಪೈಲಿ ಎರಡೂ ಕೈ ಎತ್ತಿ ನಿಂತಿದ್ದ. ಗುತ್ತಿಗೆದಾರ ಬೈಕ್ ತಿರುಗಿಸಿದ.

ವಿಲಾಸಿನಿ ಟೀಚರ್ ಮರದ ಹತ್ತಿರ ಬಂದು, ಅಂತರ ಬಿಟ್ಟು ನಿಂತರು. "ಶೋಶಾಮ್ಮ ಚೇಟತ್ತಿ, ಪಿಡಿಯರಿ ನಿಮ್ಮದು, ಪುಟ್ಟಿನ ಉಪಾಯ ನಿಮ್ಮದು ಅಂತ ಕೇಳ್ದೆ. ಹೊಸ ಲಾರಿ ಗಡಿ ದಾಟಿದೆ, ನಾಡಿದ್ದು ಬರುತ್ತೆ. ಇನ್ನು ಮೇಲೆ ಈ ಅಡುಗೆಮನೆ ನೀವೇ ನಡೆಸಿ. ಬಿನ್ಸಿ ನಿಮಗೆ ಸಹಾಯಕ್ಕೆ ಇರ್ತಾಳೆ."

ಬಿನ್ಸಿ ನೆಲ ನೋಡಿದಳು. ಶೋಶಾಮ್ಮ ಮೊಣಕಾಲಿಗೆ ಕೈ ಊರಿ ಮೆಲ್ಲಗೆ ಎದ್ದಳು. ಎಲ್ಲರಿಗೂ ಕೇಳಲಿ ಎಂದು ಮಾಸ್ಕನ್ನು ಗಲ್ಲಕ್ಕೆ ಇಳಿಸಿದಳು.

"ಟೀಚರೇ, ಅಡುಗೆಮನೆ ವಿಷಯ ಅವಳನ್ನ ಕೇಳಿ. ಇದು ಅವಳ ಅಡುಗೆಮನೆ. ನಾನು ಕಾಯಿ ತುರಿಯೋಕೆ ಬಂದೋಳು."

ಬಿನ್ಸಿ ತಲೆ ಎತ್ತಿದಳು. ಅವಳ ಕಣ್ಣು ನಗುತ್ತಿತ್ತೋ ಅಳುತ್ತಿತ್ತೋ ಹೇಳುವುದು ಕಷ್ಟ, ಎರಡೂ ಇದ್ದಿರಬೇಕು. ದನಿ ಮಾತ್ರ ಸ್ವಲ್ಪವೂ ನಡುಗಲಿಲ್ಲ.

"ಅಮ್ಮಚ್ಚಿ, ಮಾಸ್ಕ್ ಮೇಲೆ ಹಾಕಿ. ನನ್ನ ಅಡುಗೆಮನೇಲಿ ಅದೆಲ್ಲ ನಡೆಯಲ್ಲ."

ಶೋಶಾಮ್ಮ ಮಾಸ್ಕ್ ಮೇಲೆಳೆದುಕೊಂಡು ಮಣೆಯ ಮೇಲೆ ಕೂತು, ನಾಳೆಗೆ ಬೇಕಾದ ಮೊದಲ ತೆಂಗಿನಕಾಯಿ ಕೈಗೆತ್ತಿಕೊಂಡಳು.